412 ಸೆಲೆನಿಯಮ್ ಟೆಸ್ಟ್, ಬೆಳಗಾದರೆ ಅರ್ಧ ದಿನ ಕೆಂಪು ಎಣಿಸೋದೇ ಕೆಲಸ. ಪ್ಲೇರೈಟ್‌ಗೆ ಹೋಗೋದಾ, ಬೇಡ್ವಾ?

ಮಲ್ಲೇಶ್ವರಂ_ಟೆಸ್ಟರ್ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳದೆ ವಿಧಿಯಿಲ್ಲ.

ನಮ್ಮದು ವಿಮೆ ಪಾಲಿಸಿ ಮಾರುವ ವೆಬ್ ಅಪ್ಲಿಕೇಶನ್. ನಾನು ಸೇರಿ ಮೂರು ಜನ ಕ್ಯೂಎ, ಅಂದ್ರೆ ಟೆಸ್ಟಿಂಗ್ ಮಾಡೋರು. ಆರು ವರ್ಷದಿಂದ ಬೆಳೆದುಕೊಂಡು ಬಂದಿರೋ ಸೆಲೆನಿಯಮ್, ಜಾವಾ, ಟೆಸ್ಟ್‌ಎನ್‌ಜಿ ಸೂಟ್ ಇದೆ (ಬ್ರೌಸರನ್ನ ತಾನೇ ಓಡಿಸಿ ಪೇಜ್ ಪರೀಕ್ಷೆ ಮಾಡೋ ಟೂಲ್ ಸೆಲೆನಿಯಮ್). ಒಟ್ಟು 412 ಟೆಸ್ಟ್. ರಾತ್ರಿ 1 ಗಂಟೆಗೆ ಶುರುವಾದರೆ ಮುಗಿಯೋದು ಬೆಳಗ್ಗೆ ಆರೂವರೆಗೆ. ಮುಗಿದಾಗ 25ರಿಂದ 40 ಕೆಂಪು, ಅಂದ್ರೆ ಫೇಲ್. ಅದರಲ್ಲಿ ನಿಜವಾದ ಬಗ್ ಒಂದೋ ಎರಡೋ. ಉಳಿದದ್ದನ್ನ ಹತ್ತು ಗಂಟೆಗೆ ಮತ್ತೆ ಓಡಿಸಿದರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಪಾಸ್. ಡೆವಲಪರ್‌ಗಳು ನಮ್ಮ ರಿಪೋರ್ಟ್ ಮೇಲ್‌ಗೆ ಫಿಲ್ಟರ್ ಹಾಕಿ ಬೇರೆ ಫೋಲ್ಡರ್‌ಗೆ ತಳ್ಳಿದ್ದಾರೆ ಅಂತ ಮೊನ್ನೆ ಗೊತ್ತಾಯ್ತು. ಬೇಜಾರಾಯ್ತು, ಆದರೆ ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡ್ತಿದ್ದೆ.

ಮ್ಯಾನೇಜರ್ ಈಗ "ಪ್ಲೇರೈಟ್‌ಗೆ ಹೋಗಿ, ಮೂರು ತಿಂಗಳು ಕೊಡ್ತೀನಿ" ಅಂತಿದ್ದಾರೆ. ಫ್ರಂಟ್‌ಎಂಡ್ ಹುಡುಗರು ಸೈಪ್ರೆಸ್ ಅಂತಾರೆ. ಎರಡೂ ಸೆಲೆನಿಯಮ್ ಥರದ್ದೇ ಟೂಲ್. ಮೂರು ತಿಂಗಳು ಕಷ್ಟಪಟ್ಟು ಬರೆದ ಮೇಲೂ ಇದೇ ಕಥೆ ಆದ್ರೆ ಮುಖ ಎಲ್ಲಿಡೋದು ಅನ್ನೋದು ನನ್ನ ಭಯ. ಹೀಗೆ ಬದಲಾಯಿಸಿದವರು ಯಾರಾದ್ರೂ ಇದ್ದೀರಾ?

---

ಕರಾವಳಿ_ಕೋಡರ್ · ಸೋಮವಾರ, ರಾತ್ರಿ 11:15

ಎಂತ ಯೋಚನೆ ಮಾರಾಯ್ರೆ, ಕಣ್ಣು ಮುಚ್ಚಿ ಪ್ಲೇರೈಟ್‌ಗೆ ಹೋಗಿ. ನಾವು ಎರಡು ವರ್ಷದ ಹಿಂದೆ ಹೋದದ್ದು, ಮತ್ತೆ ಹಿಂದೆ ತಿರುಗಿ ನೋಡ್ಲಿಲ್ಲ.

ಒಂದು ಬಟನ್ ಒತ್ತಬೇಕಿದ್ರೆ ಅದು ಕಾಣ್ತದಾ, ಅಲ್ಲಾಡದೆ ನಿಂತಿದೆಯಾ, ಮೇಲೆ ಬೇರೆ ಎಂತಾದ್ರೂ ಮುಚ್ಚಿದೆಯಾ, ಡಿಸೇಬಲ್ ಆಗಿದೆಯಾ ಅಂತ ಅದೇ ನೋಡ್ಕೊಂಡು ಆಮೇಲೆ ಒತ್ತುದು. ಸೆಲೆನಿಯಮ್‌ನಲ್ಲಿ ಇದಕ್ಕೆಲ್ಲ ನಾವೇ ವೇಟ್, ಹೇಳಿದ್ರೆ ಕಾಯುವ ಕೋಡ್, ಬರೀಬೇಕಲ್ಲ. ಅದಕ್ಕಿಂತ ದೊಡ್ಡದು ಟ್ರೇಸ್ ವ್ಯೂವರ್. ರಾತ್ರಿ ಫೇಲ್ ಆದ ಟೆಸ್ಟ್‌ನ ಒಂದೊಂದು ಹೆಜ್ಜೆಗೂ ಪೇಜ್ ಹೇಗಿತ್ತು, ಯಾವ ನೆಟ್‌ವರ್ಕ್ ಕಾಲ್ ಹೋಯ್ತು, ಕನ್ಸೋಲ್‌ನಲ್ಲಿ ಎಂತ ಬಂತು, ಎಲ್ಲ ಬೆಳಿಗ್ಗೆ ಕೂತು ನೋಡ್ಲಿಕ್ಕೆ ಆಗ್ತದೆ. ಒಂದು ಸಲ ಅಭ್ಯಾಸ ಆದ್ರೆ ಬಿಡ್ಲಿಕ್ಕೆ ಮನಸ್ಸಾಗುದಿಲ್ಲ.

ಒಂದು ವಿಷಯ ಮಾತ್ರ ಮೊದಲೇ ಗೊತ್ತಿರ್ಲಿ. ಪ್ಲೇರೈಟ್ ಜಾವಾಕ್ಕೂ ಉಂಟು, ಪೈಥಾನ್, ಡಾಟ್‌ನೆಟ್‌ಗೂ ಉಂಟು. ಆದ್ರೆ ಅದರ ಸ್ವಂತ ಟೆಸ್ಟ್ ರನ್ನರ್, ಹೇಳಿದ್ರೆ ಪ್ಯಾರಲಲ್, ಫಿಕ್ಸ್ಚರ್, ರಿಪೋರ್ಟ್ ಎಲ್ಲ ಒಟ್ಟಿಗೆ ಬರುವಂಥದ್ದು, ಜಾವಾಸ್ಕ್ರಿಪ್ಟ್ ಮತ್ತು ಟೈಪ್‌ಸ್ಕ್ರಿಪ್ಟ್‌ಗೆ ಮಾತ್ರ. ಜಾವಾದಲ್ಲೇ ಇರ್ತೀರಿ ಅಂದ್ರೆ ಟೆಸ್ಟ್‌ಎನ್‌ಜಿಯೋ ಜೆಯುನಿಟ್ಟೋ ನಿಮ್ಮ ಜೊತೆಗೇ ಬರ್ತದೆ.

---

ಹಳೇ_ಕ್ಯೂಎ · ಮಂಗಳವಾರ, ಬೆಳಗ್ಗೆ 6:50

ಕರಾವಳಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ಸ್ವಲ್ಪ ತಡೀರಿ.

ನಾನು ಈ ಕೆಲಸಕ್ಕೆ ಬಂದಾಗ ಕ್ಯೂಟಿಪಿ ಅನ್ನೋ ಟೆಸ್ಟಿಂಗ್ ಟೂಲ್‌ನ ಕಾಲ. ಲೈಸೆನ್ಸ್ ಇರೋ ಮಷಿನ್ ಮುಂದೆ ಕ್ಯೂ ನಿಲ್ತಿದ್ವಿ. ಅದನ್ನ ಮಾಡ್ತಿದ್ದದ್ದು ಮರ್ಕ್ಯುರಿ ಇಂಟರಾಕ್ಟಿವ್. 2004ರಲ್ಲಿ ಜೇಸನ್ ಹಗಿನ್ಸ್ ಥಾಟ್‌ವರ್ಕ್ಸ್‌ನಲ್ಲಿದ್ದಾಗ ತಮ್ಮದೇ ಟೂಲ್ ಮಾಡಿ ಸೆಲೆನಿಯಮ್ ಅಂತ ಹೆಸರಿಟ್ಟದ್ದು ಇದೇ ಮರ್ಕ್ಯುರಿಯನ್ನ ಕಿಚಾಯಿಸೋಕೆ. ಮರ್ಕ್ಯುರಿ ಅಂದ್ರೆ ಪಾದರಸ, ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು ಅಂತ ಜೋಕು. 2014ರಲ್ಲಿ ಸೆಲೆನಿಯಮ್ ಸಮ್ಮೇಳನ ಬೆಂಗಳೂರಿಗೇ ಬಂದಾಗ ಇನ್ನು ಜೀವಮಾನಕ್ಕೆ ಇದೇ ಸಾಕು ಅಂದ್ಕೊಂಡಿದ್ವಿ. ಆಮೇಲೆ ಆಂಗ್ಯುಲರ್ ಪ್ರಾಜೆಕ್ಟ್‌ಗೆ ಅಂತ ಪ್ರೊಟ್ರಾಕ್ಟರ್‌ಗೆ ಹೋದ್ವಿ, ಅದು ಮುಚ್ಚಿಹೋಯ್ತು. ನಡುವೆ ಫ್ಯಾಂಟಮ್‌ಜೆಎಸ್ ಹಿಡಿದಿದ್ವಿ, 2018ರಲ್ಲಿ ಅದೂ ನಿಂತಿತು. ಮೂರು ಸಲ ಮನೆ ಬದಲಾಯಿಸಿದ್ದೀನಿ. ಮೂರು ಸಲವೂ ಹಳೇ ಮನೆಯ ಜಿರಳೆ ಸಾಮಾನಿನ ಜೊತೆಗೇ ಬಂದವು.

ಒಂದು ಲೆಕ್ಕ ಹೇಳ್ತೀನಿ, ಪೆನ್ನು ಹಿಡಿದು ನೋಡಿ. ನಿಮ್ಮ ಒಂದೊಂದು ಟೆಸ್ಟೂ 200 ಸಲ ಓಡಿದರೆ ಒಂದೇ ಒಂದು ಸಲ ಸುಮ್ಮಸುಮ್ಮನೆ ಫೇಲ್ ಆಗುತ್ತೆ ಅಂತಿಟ್ಕೊಳ್ಳಿ. ಕೇಳೋಕೆ ಏನೂ ಅಲ್ಲ, ಅರ್ಧ ಪರ್ಸೆಂಟ್. ಅಂಥ 412 ಟೆಸ್ಟ್ ಒಟ್ಟಿಗೆ ಓಡಿದರೆ ಪೂರ್ತಿ ಹಸಿರು ಬರೋದು ನೂರು ರಾತ್ರಿಯಲ್ಲಿ ಹದಿಮೂರು ರಾತ್ರಿಯಷ್ಟೇ. ಅದೇ 40 ಟೆಸ್ಟ್ ಇದ್ದರೆ ಎಂಬತ್ತಕ್ಕೂ ಹೆಚ್ಚು ರಾತ್ರಿ ಹಸಿರು. ಗೂಗಲ್‌ನವರೇ 2016ರಲ್ಲಿ ಬರೆದುಕೊಂಡಿದ್ದರು, ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಸ್ವಲ್ಪವಾದರೂ ಫ್ಲೇಕಿ, ಅಂದ್ರೆ ಕಾರಣವಿಲ್ಲದೆ ಒಮ್ಮೆ ಪಾಸ್ ಒಮ್ಮೆ ಫೇಲ್, ಅಂತ. ಅವರ ಹತ್ತಿರ ದುಡ್ಡು, ಜನ, ಮಷಿನ್ ಎಲ್ಲ ಇತ್ತು.

ಹಾಗಾಗಿ ಟೂಲ್ ಬಿಡಿ. ಈ ವಾರ ಐದು ರಾತ್ರಿಯ ಕೆಂಪನ್ನೆಲ್ಲ ಒಂದು ಶೀಟ್‌ನಲ್ಲಿ ಹಾಕಿ, ಕಾರಣದ ಪ್ರಕಾರ ಗುಡ್ಡೆ ಮಾಡಿ: ಕಾಯೋ ಸಮಸ್ಯೆ ಯಾವುದು, ಡೇಟಾ ಸಮಸ್ಯೆ ಯಾವುದು, ಎನ್ವಿರಾನ್‌ಮೆಂಟ್ ಯಾವುದು, ನಿಜವಾದ ಬಗ್ ಯಾವುದು. ಆಮೇಲೆ ಮಾತಾಡೋಣ.

---

ರಿಟ್ರೈ_ರಾಜ · ಮಂಗಳವಾರ, ಬೆಳಗ್ಗೆ 9:30

ಇಷ್ಟೆಲ್ಲ ಯಾಕೆ ಗುರು? ರಿಟ್ರೈ ಅನಲೈಜರ್ ಹಾಕು, ಮೂರು ಸಲ ಓಡಿಸು, ಒಂದ್ಸಲ ಪಾಸ್ ಆದ್ರೆ ಪಾಸ್. ನಮ್ಮಲ್ಲಿ ಒಂದು ವರ್ಷದಿಂದ ಹಸಿರು.

---

ಹಳೇ_ಕ್ಯೂಎ · ಮಂಗಳವಾರ, ಬೆಳಗ್ಗೆ 9:42

ಮೂರು ಸಲ ಒತ್ತಿದರೆ ಒಂದ್ಸಲ ಪೇಮೆಂಟ್ ಆಗುತ್ತೆ ಅಂತ ನಿಮ್ಮ ಗ್ರಾಹಕರಿಗೂ ಹೇಳಿದ್ದೀರಾ? ನಾನು ನೋಡಿದ ಅತಿ ಕೆಟ್ಟ ಬಗ್, ಎರಡು ರಿಕ್ವೆಸ್ಟ್ ಒಟ್ಟಿಗೆ ಹೋದರೆ ಮಾತ್ರ ಬರೋ ಡಬಲ್ ಡೆಬಿಟ್, ಹನ್ನೊಂದು ವಾರ ಇಂಥ ರಿಟ್ರೈ ಹಿಂದೆ ಅಡಗಿತ್ತು. ರಿಟ್ರೈ ಹಾಕಿ, ಬೇಡ ಅನ್ನಲ್ಲ. ಆದರೆ ಎರಡನೇ ಸಲಕ್ಕೆ ಪಾಸ್ ಆದದ್ದನ್ನ ಹಸಿರಲ್ಲಿ ಸೇರಿಸಬೇಡಿ, ಬೇರೆ ಬಣ್ಣ ಕೊಡಿ. ಪ್ಲೇರೈಟ್ ರಿಪೋರ್ಟ್ ಅದನ್ನ ಫ್ಲೇಕಿ ಅಂತ ಬೇರೆಯಾಗೇ ತೋರಿಸುತ್ತೆ.

---

ಹುಬ್ಬಳ್ಳಿ_ಡೆವ್ · ಮಂಗಳವಾರ, ಮಧ್ಯಾಹ್ನ 1:20

ನಾ ಡೆವಲಪರ್ ರೀ. ಮೇಲ್‌ಗೆ ಫಿಲ್ಟರ್ ಹಾಕ್ದಾವ್ರ ಪೈಕಿ ಅಂತ ತಿಳ್ಕೋರಿ.

ಒಂದ ಕೇಳ್ತೀನ್ರಿ. 412ನೂ ಬ್ರೌಸರ್ ಮ್ಯಾಲೇ ಯಾಕ ಓಡಸ್ತೀರಿ? ವಿಮಾ ಅಂದಮ್ಯಾಲೆ ಪ್ರೀಮಿಯಂ ಲೆಕ್ಕದ ಟೆಸ್ಟ್ ಭಾಳ ಇರಬೇಕು. 18 ವಯಸ್ಸಿಗೆ ಎಷ್ಟು, 35ಕ್ಕ ಎಷ್ಟು, ಸಿಗರೇಟ್ ಸೇದಾವ್ರಿಗೆ ಎಷ್ಟು. ಅದಕ್ಕ ಪ್ರತಿ ಸಲ ಬ್ರೌಸರ್ ತಗದು, ಲಾಗಿನ್ ಆಗಿ, ನಾಕು ಪೇಜ್ ದಾಟಿ, ಕಡೀಕ ಒಂದ ನಂಬರ್ ನೋಡೂದ ಅಂದ್ರ, ಹಾಲು ತರಾಕ ಹಾವೇರಿಗೆ ಹೋಗಿ ಬಂದಂಗ ಆತು. ಆ ನಂಬರ್ ಕೊಡೂದು ಒಂದ ಎಪಿಐ, ಅಂದ್ರ ಸ್ಕ್ರೀನ್ ಹಿಂದ ಸರ್ವರ್ ಉತ್ತರ ಕೊಡೂ ಬಾಗಿಲು. ಅದನ್ನ ಸೀದಾ ಕೇಳ್ರಿ, ಮಿಲಿಸೆಕೆಂಡ್‌ನಾಗ ಉತ್ತರ ಬರ್ತೈತಿ. ಸ್ಕ್ರೀನ್ ಮ್ಯಾಲೆ ನಂಬರ್ ಸರಿ ಮೂಡತೈತೋ ಇಲ್ಲೋ ನೋಡಾಕ ಒಂದೋ ಎರಡೋ ಯುಐ ಟೆಸ್ಟ್ ಸಾಕು.

ಮೈಕ್ ಕೋನ್ ಅವರ ಟೆಸ್ಟ್ ಪಿರಮಿಡ್ (ಕೆಳಗ ಸಣ್ಣ ಟೆಸ್ಟ್ ಭಾಳ, ಮ್ಯಾಲೆ ಯುಐ ಟೆಸ್ಟ್ ಕಡಿಮಿ) ಚಿತ್ರ ಇಂಟರ್‌ವ್ಯೂನಾಗ ಎಲ್ಲಾರೂ ಬರೀತಾರ. ಪ್ರಾಜೆಕ್ಟ್‌ನಾಗ ನೋಡಿದ್ರ ಅದು ತಲಿಕೆಳಗ ನಿಂತಿರ್ತೈತಿ.

---

ಫ್ರೆಷರ್_ತುಮಕೂರು · ಮಂಗಳವಾರ, ಸಂಜೆ 6:05

ನಡುವೆ ಬರ್ತಿರೋದಕ್ಕೆ ಕ್ಷಮಿಸಿ. ಎಂಸಿಎ ಮುಗಿಸಿ ಕೆಲಸ ಹುಡುಕ್ತಾ ಇದ್ದೀನಿ. ಸೆಲೆನಿಯಮ್ ಕಲೀಲಾ, ಪ್ಲೇರೈಟ್ ಕಲೀಲಾ?

---

ಕರಾವಳಿ_ಕೋಡರ್ · ಮಂಗಳವಾರ, ಸಂಜೆ 6:30

ಮೊದಲು ಬ್ರೌಸರ್‌ನ ಡೆವ್‌ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್ ಓದ್ಲಿಕ್ಕೆ ಕಲೀರಿ. ಕುಕಿ ಎಂದ್ರೆ ಎಂತ, ಡಾಮ್ ಎಂದ್ರೆ ಎಂತ, 401ಕ್ಕೂ 403ಕ್ಕೂ ವ್ಯತ್ಯಾಸ ಎಂತ. ಮತ್ತೆ ಯಾವ ಟೂಲ್ ಆದ್ರೂ ಎರಡು ವಾರದ ಕೆಲಸ. ಸರ್ವೀಸ್ ಕಂಪನಿಗಳ ಜಾಹೀರಾತಿನಲ್ಲಿ ಸೆಲೆನಿಯಮ್-ಜಾವಾ ಇನ್ನೂ ಕೇಳ್ತಾರೆ, ಹಾಗಾಗಿ ಅದು ಓದಿ ಅರ್ಥ ಆಗುವಷ್ಟಾದ್ರೂ ಇರ್ಲಿ.

---

ಅನುವಾದ_ಟೆಸ್ಟರ್ · ಬುಧವಾರ, ಬೆಳಗ್ಗೆ 11:10

ಡೇಟಾ ಗುಡ್ಡೆ ಅಂದಿರಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಗುಡ್ಡೆಗೂ ಜಾಗ ಇಟ್ಕೊಳ್ಳಿ. ಕನ್ನಡದ್ದು.

ನಮ್ಮ ಅಪ್ಲಿಕೇಶನ್ ಐದು ಭಾಷೆಯಲ್ಲಿದೆ. ಕನ್ನಡ ಪೇಜ್‌ನಲ್ಲಿ ಮಾತ್ರ "ಲಾಗಿನ್" ಬಟನ್ ಸಿಗ್ತಿಲ್ಲ ಅಂತ ಟೆಸ್ಟ್ ಬೀಳ್ತಿತ್ತು. ಕಣ್ಣಿಗೆ ಕಾಣುತ್ತೆ, ಕೈಯಲ್ಲಿ ಒತ್ತಿದರೆ ಕೆಲಸ ಮಾಡುತ್ತೆ, ಟೆಸ್ಟ್‌ಗೆ ಮಾತ್ರ ಕಾಣಲ್ಲ. ಒಂದು ಇಡೀ ಮಧ್ಯಾಹ್ನ ಹೋಯ್ತು. ಕೊನೆಗೆ ಒಂದೊಂದೇ ಕೋಡ್‌ಪಾಯಿಂಟ್ (ಅಕ್ಷರದ ಯೂನಿಕೋಡ್ ಸಂಖ್ಯೆ) ಪ್ರಿಂಟ್ ಮಾಡಿ ನೋಡಿದರೆ, ಅನುವಾದದ ಫೈಲ್‌ನಲ್ಲಿ ಕೊನೆಯ "ನ್" ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಝೀರೋ ವಿಡ್ತ್ ನಾನ್ ಜಾಯಿನರ್. "ಪಾಸ್‌ವರ್ಡ್" ಬರೆಯೋವಾಗ ಸ-ವ ಒತ್ತಕ್ಷರ ಆಗದಿರಲಿ ಅಂತ ನಾವೇ ಹಾಕೋ ಅದೇ ಅಕ್ಷರ. ಪದದ ನಡುವೆ ಇದ್ದರೆ ವ್ಯತ್ಯಾಸ ಕಾಣುತ್ತೆ, ಕೊನೆಯಲ್ಲಿದ್ದರೆ ದೇವರಿಗೂ ಕಾಣಲ್ಲ. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರ ಬಂದಾಗೆಲ್ಲ ತಾವಾಗೇ ಸೇರಿಸಿಬಿಡ್ತವೆ. ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಪದದ ಬೇರೆ ಬೇರೆ ಬರಹವನ್ನ ಒಂದೇ ರೂಪಕ್ಕೆ ತರೋದು) ಮಾಡಿದರೂ ಇದು ಹೋಗಲ್ಲ, ನಾವೇ ತೆಗೀಬೇಕು. ಈಗ ಅನುವಾದ ಫೈಲ್ ಬಂದ ಕೂಡಲೇ ಪದದ ಕೊನೆಯಲ್ಲಿರೋದನ್ನೆಲ್ಲ ಒಂದು ಸ್ಕ್ರಿಪ್ಟ್ ಒರೆಸಿ ಹಾಕುತ್ತೆ, ನಡುವಿನದನ್ನ ಮುಟ್ಟಲ್ಲ. ಬಟನ್ ಹುಡುಕೋಕೆ ಅದರ ಮೇಲಿನ ಪದದ ಬದಲು ಟೆಸ್ಟ್ ಐಡಿ ಬಳಸ್ತೀವಿ.

ಇನ್ನೊಂದು. "ಶ್ರೀನಿವಾಸಮೂರ್ತಿ" ಎಷ್ಟಕ್ಷರ? ನಮಗೆ ಆರು. ಜಾವಾಸ್ಕ್ರಿಪ್ಟ್‌ಗೆ ಹದಿನೈದು, ಅದು ಒತ್ತು, ಸ್ವರಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೆ. ಹೆಸರಿನ ಜಾಗಕ್ಕೆ ಹನ್ನೆರಡರ ಮಿತಿ ಹಾಕಿದ್ದರೆ ಅವರು ಅರ್ಧದಲ್ಲೇ ಕತ್ತರಿಸಿಹೋಗ್ತಾರೆ. ಟೆಸ್ಟ್ ಡೇಟಾದಲ್ಲಿ ಬರೀ "ರವಿ", "ಉಮಾ" ಇದ್ದರೆ ಇದು ಯಾವತ್ತೂ ಸಿಗಲ್ಲ.

ನಗಬೇಡಿ, ಇದನ್ನೂ ಹೇಳಿಬಿಡ್ತೀನಿ. ಸ್ಕ್ರೀನ್‌ಶಾಟ್ ಹೋಲಿಸೋ ಟೆಸ್ಟ್ ನಾಲ್ಕು ತಿಂಗಳು ಹಸಿರಾಗಿತ್ತು. ಒಂದು ದಿನ ಯಾಕೋ ಮೂಲ ಚಿತ್ರ ತೆಗೆದು ನೋಡಿದರೆ ಪೇಜ್ ತುಂಬ ಖಾಲಿ ಚೌಕಗಳು. ಟೆಸ್ಟ್ ಓಡೋ ಡಾಕರ್ ಕಂಟೈನರ್‌ನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಚೌಕಕ್ಕೆ ಚೌಕ ಸರಿಯಾಗಿ ಹೊಂದ್ತಿತ್ತು, ಟೆಸ್ಟ್ ಪಾಸ್.

---

ಹುಬ್ಬಳ್ಳಿ_ಡೆವ್ · ಬುಧವಾರ, ಬೆಳಗ್ಗೆ 11:25

ಚೌಕಕ್ಕ ಚೌಕ ಹೊಂದ್ತಂತ! ಆಫೀಸ್‌ನಾಗ ಜೋರ್ ನಕ್ಕಬಿಟ್ಟೆ ರೀ.

---

ಮಲ್ಲೇಶ್ವರಂ_ಟೆಸ್ಟರ್ · ಭಾನುವಾರ, ಬೆಳಗ್ಗೆ 11:00

ಹಳೇ_ಕ್ಯೂಎ ಸರ್, ನೀವು ಹೇಳಿದ ಹಾಗೇ ಗುಡ್ಡೆ ಹಾಕಿದೆ. ಐದು ರಾತ್ರಿ, ಒಟ್ಟು 163 ಕೆಂಪು. ಕಾಯೋ ಸಮಸ್ಯೆ, ಅಂದ್ರೆ ಎಲಿಮೆಂಟ್ (ಬಟನ್, ಬಾಕ್ಸ್ ಥರದ್ದು) ಸಿಗಲಿಲ್ಲ, ಹಳಸಿಹೋಯ್ತು ಅನ್ನೋ ಥರದ್ದು, 58. ಒಂದೇ ಅಕೌಂಟನ್ನ ಎರಡು ಟೆಸ್ಟ್ ಎಳೆದಾಡಿದ್ದು 31. ಸ್ಟೇಜಿಂಗ್ ಸರ್ವರ್ (ಬಿಡುಗಡೆಗೆ ಮುಂಚೆ ಪರೀಕ್ಷೆ ಮಾಡೋದು) ಕೈಕೊಟ್ಟದ್ದು ಮತ್ತು ಏನೂ ತಿಳಿಯದ್ದು 18. ನಿಜವಾದ ಬಗ್ 9.

ಉಳಿದ 47 ನನಗೆ ಅರ್ಥವೇ ಆಗ್ತಿಲ್ಲ. ಎಲ್ಲವೂ ಪಾಲಿಸಿ ಶುರುವಾಗೋ ದಿನಾಂಕ ನೋಡೋ ಟೆಸ್ಟ್‌ಗಳು. ರಾತ್ರಿ ಫೇಲ್, ಬೆಳಗ್ಗೆ ಹತ್ತಕ್ಕೆ ಪಾಸ್. ಒಂದು ದಿನ ಹಿಂದಿನ ತಾರೀಖು ಬರಬೇಕಿತ್ತು ಅಂತ ಟೆಸ್ಟ್ ಹೇಳುತ್ತೆ. ವಿಚಿತ್ರ ಏನಂದ್ರೆ ರಿನ್ಯೂವಲ್ ಮಾಡ್ಯೂಲ್‌ನಲ್ಲೂ ಇಂಥದ್ದೇ ಟೆಸ್ಟ್ ಇವೆ, ಅವು ಕೊನೆಯಲ್ಲಿ ಓಡ್ತವೆ, ಅವು ಮಾತ್ರ ಯಾವತ್ತೂ ಬಿದ್ದಿಲ್ಲ.

---

ರಾತ್ರಿಪಾಳಿ · ಭಾನುವಾರ, ಬೆಳಗ್ಗೆ 11:08

ಕೊನೇಲಿ ಅಂದ್ರೆ ಐದೂವರೆ ಆದ್ಮೇಲಾ? ಟೆಸ್ಟ್ ಓಡೋ ಮಷಿನ್‌ನ ಟೈಮ್‌ಝೋನ್ ಯುಟಿಸಿ ಇದೆಯಾ ನೋಡಿ.

---

ಮಲ್ಲೇಶ್ವರಂ_ಟೆಸ್ಟರ್ · ಭಾನುವಾರ, ಬೆಳಗ್ಗೆ 11:31

ಅಯ್ಯೋ ದೇವರೇ. ಹೌದು. ಯುಟಿಸಿ.

---

ರಾತ್ರಿಪಾಳಿ · ಭಾನುವಾರ, ಬೆಳಗ್ಗೆ 11:40

ನಮ್ಮಲ್ಲಿ ರಾತ್ರಿ 12ರಿಂದ ಬೆಳಗ್ಗೆ 5:30ರವರೆಗೆ ಯುಟಿಸಿಯಲ್ಲಿ ಇನ್ನೂ ನಿನ್ನೆ. ಟೆಸ್ಟ್ ಕೋಡ್‌ನಲ್ಲಿ ಲೋಕಲ್‌ಡೇಟ್ ನೌ ಅಂತ ಬರೆದಿರ್ತೀರಿ, ಅದು ಮಷಿನ್‌ನ ತಾರೀಖು ಕೊಡುತ್ತೆ, ಅಂದ್ರೆ ನಿನ್ನೆ. ಅಪ್ಲಿಕೇಶನ್ ಭಾರತದ ತಾರೀಖು ತೋರಿಸುತ್ತೆ, ಅಂದ್ರೆ ಇವತ್ತು. ನೀವು ಶುರು ಮಾಡೋದು 1 ಗಂಟೆಗೆ. ನಾಲ್ಕೂವರೆ ಗಂಟೆ ಎರಡೂ ಹೊಂದಲ್ಲ, ಆಮೇಲೆ ತಾವಾಗೇ ಹೊಂದ್ತವೆ. ಏಷ್ಯಾ/ಕೋಲ್ಕತಾ ಅಂತ ಝೋನ್ ಕೊಟ್ಟು ತಾರೀಖು ಕೇಳಿ, ಮುಗೀತು. ಪ್ಲೇರೈಟ್‌ಗೆ ಹೋಗಿದ್ರೂ ಇದು ಜೊತೆಗೇ ಬರ್ತಿತ್ತು. ಅದರಲ್ಲಿ ಬ್ರೌಸರ್‌ಗೆ ಟೈಮ್‌ಝೋನ್ ಕೊಡೋ ಸೆಟ್ಟಿಂಗ್ ಇದೆ, ನಿಜ, ಆದ್ರೆ ಟೆಸ್ಟ್ ಕೋಡ್ ಓಡೋದು ಮಷಿನ್‌ನ ಟೈಮ್‌ನಲ್ಲೇ.

---

ಹಳೇ_ಕ್ಯೂಎ · ಭಾನುವಾರ, ಮಧ್ಯಾಹ್ನ 12:15

ರಾತ್ರಿಪಾಳಿಯವರಿಗೆ ನನ್ನ ಲೆಕ್ಕದಲ್ಲಿ ಒಂದು ಬೆಣ್ಣೆ ದೋಸೆ.

ಈಗ ಆ 58. ಕೋಡ್‌ನಲ್ಲಿ ಇಂಪ್ಲಿಸಿಟ್ ವೇಟೂ (ಎಲ್ಲ ಹುಡುಕಾಟಕ್ಕೂ ಒಂದೇ ಕಾಯೋ ಸಮಯ) ಇದೆ, ಎಕ್ಸ್‌ಪ್ಲಿಸಿಟ್ ವೇಟೂ (ಒಂದು ನಿರ್ದಿಷ್ಟ ಸಂಗತಿಗೆ ಕಾಯೋದು) ಇದೆ, ನಂಬಿಕೆ ಸಾಲದೆ ಥ್ರೆಡ್ ಸ್ಲೀಪೂ (ಸುಮ್ಮನೆ ಇಷ್ಟು ಸೆಕೆಂಡ್ ನಿಲ್ಲೋದು) ಇದೆ. ಅಲ್ವಾ? ಸೆಲೆನಿಯಮ್ ದಾಖಲೆಯಲ್ಲೇ ಎಚ್ಚರಿಕೆ ಇದೆ: 10 ಸೆಕೆಂಡ್ ಇಂಪ್ಲಿಸಿಟ್, 15 ಸೆಕೆಂಡ್ ಎಕ್ಸ್‌ಪ್ಲಿಸಿಟ್ ಕಲೆಸಿದರೆ ಟೈಮ್‌ಔಟ್ 20 ಸೆಕೆಂಡ್‌ಗೂ ಆಗಬಹುದು ಅಂತ. ಇಂಪ್ಲಿಸಿಟ್ ಸೊನ್ನೆ ಮಾಡಿ, ಎಲ್ಲಿ ಏನಕ್ಕೆ ಕಾಯ್ತೀರೋ ಅಲ್ಲಿ ಅದನ್ನೇ ಹೆಸರಿಟ್ಟು ಕಾಯಿರಿ. ಕರಾವಳಿಯವರ ಮಾತು ಒಪ್ಪಬೇಕಾದ್ದು ಇಲ್ಲೇ. ಈ ಒಂದು ಗುಡ್ಡೆಗೆ ಪ್ಲೇರೈಟ್ ನಿಜಕ್ಕೂ ಮದ್ದು.

ಇನ್ನೊಂದು ಪ್ರಶ್ನೆ. ಪ್ರತಿ ಟೆಸ್ಟೂ ಲಾಗಿನ್ ಪೇಜ್‌ನಿಂದ ಶುರುವಾಗುತ್ತಾ? ಅದಕ್ಕೆ ಎಷ್ಟು ಸೆಕೆಂಡ್?

---

ಮಲ್ಲೇಶ್ವರಂ_ಟೆಸ್ಟರ್ · ಭಾನುವಾರ, ಮಧ್ಯಾಹ್ನ 12:50

ಹೌದು ಸರ್, ಎಲ್ಲವೂ. ಓಟಿಪಿ ಪೇಜ್ ಸೇರಿ 22 ಸೆಕೆಂಡ್.

ಈಗ ಗುಣಿಸಿ ನೋಡಿದೆ. 412 ಸಲ 22, ಎರಡೂವರೆ ಗಂಟೆ. ಐದೂವರೆ ಗಂಟೆಯಲ್ಲಿ ಎರಡೂವರೆ ಗಂಟೆ ನಾವು ಬರೀ ಲಾಗಿನ್ ಟೆಸ್ಟ್ ಮಾಡ್ತಿದ್ದೀವಿ. ಆರು ವರ್ಷದಿಂದ.

---

ಕರಾವಳಿ_ಕೋಡರ್ · ಭಾನುವಾರ, ಮಧ್ಯಾಹ್ನ 1:10

ಎಪಿಐಯಿಂದ ಒಂದು ಸಲ ಲಾಗಿನ್ ಆಗಿ ಕುಕಿ (ಲಾಗಿನ್ ಆಗಿದೆ ಅಂತ ಬ್ರೌಸರ್ ಇಟ್ಟುಕೊಳ್ಳುವ ಗುರುತು) ತಕ್ಕೊಂಡು ಎಲ್ಲ ಟೆಸ್ಟ್‌ಗೂ ಕೊಟ್ರೆ ಆಯ್ತು. ಪ್ಲೇರೈಟ್‌ನಲ್ಲಿ ಸ್ಟೋರೇಜ್ ಸ್ಟೇಟ್ ಅಂತ ಇದಕ್ಕೇ ಉಂಟು. ಸೆಲೆನಿಯಮ್‌ನಲ್ಲೂ ಆಗ್ತದೆ, ಆದ್ರೆ ಕುಕಿ ಸೇರಿಸುವ ಮೊದಲು ಅದೇ ಡೊಮೈನ್‌ನ ಯಾವುದಾದ್ರೂ ಒಂದು ಪೇಜ್ ತೆರೆದಿರ್ಬೇಕು, ಇಲ್ಲದಿದ್ರೆ ತಕರಾರು ಮಾಡ್ತದೆ. ಲಾಗಿನ್ ಪೇಜ್‌ಗೆ ಅಂತ ಬೇರೆ ನಾಲ್ಕು ಟೆಸ್ಟ್ ಇಟ್ಟುಕೊಳ್ಳಿ.

ಸೈಪ್ರೆಸ್ ಕೇಳಿದ್ರಲ್ಲ. ಒಳ್ಳೆ ಟೂಲೇ, ಕಾಂಪೊನೆಂಟ್ ಟೆಸ್ಟ್‌ಗೆ (ಪೇಜ್‌ನ ಒಂದೊಂದೇ ಭಾಗದ್ದು) ನನಗೆ ಇಷ್ಟ, ಫ್ರಂಟ್‌ಎಂಡ್‌ನವರು ತಾವೇ ಬರೀತಾರೆ. ಆದ್ರೆ ಅದು ಓಡುದು ಬ್ರೌಸರ್‌ನ ಒಳಗೆ. ಎರಡನೇ ಟ್ಯಾಬ್ ಬಂದ್ರೆ ಕೈ ಎತ್ತುತ್ತದೆ. ನಿಮ್ಮದು ಪೇಮೆಂಟ್‌ಗೆ ಬ್ಯಾಂಕ್ ಪೇಜ್‌ಗೆ ಹೋಗಿ ಬರ್ಬೇಕಲ್ಲ, ಬೇರೆ ಡೊಮೈನ್‌ಗೆ ಈಗ ದಾರಿ ಉಂಟು, ಆದ್ರೆ ಸುತ್ತು ದಾರಿ.

---

ಅನುವಾದ_ಟೆಸ್ಟರ್ · ಭಾನುವಾರ, ಸಂಜೆ 4:45

31ರ ಗುಡ್ಡೆಗೆ ನನ್ನ ಅನುಭವದ ಒಂದು ಮಾತು. ಪ್ರತಿ ಟೆಸ್ಟೂ ತನಗೆ ಬೇಕಾದ ಗ್ರಾಹಕನನ್ನ ಎಪಿಐ ಮೂಲಕ ತಾನೇ ಹುಟ್ಟಿಸಿಕೊಳ್ಳಲಿ. ಆದರೆ ಮೊಬೈಲ್ ನಂಬರ್ ವಿಷಯದಲ್ಲಿ ಹುಷಾರು. ಹಿಂದಿನ ಕಂಪನಿಯಲ್ಲಿ 9ರಿಂದ ಶುರುವಾಗೋ ಹತ್ತಂಕಿಯನ್ನ ಸುಮ್ಮನೆ ರ್‍ಯಾಂಡಮ್ ಮಾಡ್ತಿದ್ವಿ. ಸ್ಟೇಜಿಂಗ್‌ನಲ್ಲಿ ಎಸ್ಸೆಮ್ಮೆಸ್ ಗೇಟ್‌ವೇ ನಿಜವಾದದ್ದೇ ಇತ್ತು, ಯಾರಿಗೂ ಗೊತ್ತಿರಲಿಲ್ಲ. ದಾವಣಗೆರೆ ಕಡೆಯ ಒಬ್ಬ ಯಜಮಾನರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, "ರಾತ್ರಿ ಮೂರು ಗಂಟೆಗೆ ನನ್ನ ಸಾಲ ಮಂಜೂರಾಗಿದೆ ಅಂತ ಮೆಸೇಜ್ ಬಂದಿದೆ, ದುಡ್ಡು ಯಾವಾಗ ಹಾಕ್ತೀರಪ್ಪಾ" ಅಂತ ಕೇಳಿದರು. ಅವತ್ತೇ ಗೇಟ್‌ವೇ ಜಾಗಕ್ಕೆ ನಕಲಿ ಸರ್ವರ್ ಕೂತಿತು.

---

ಮಲ್ಲೇಶ್ವರಂ_ಟೆಸ್ಟರ್ · ಐದು ವಾರದ ನಂತರ, ಶುಕ್ರವಾರ, ರಾತ್ರಿ 9:20

ಇಷ್ಟು ಜನ ಸಹಾಯ ಮಾಡಿ, ಆಮೇಲೆ ಏನಾಯ್ತು ಅಂತ ಹೇಳದೆ ಇದ್ದರೆ ತಪ್ಪಾಗುತ್ತೆ.

ಪ್ಲೇರೈಟ್‌ಗೆ ಪೂರ್ತಿ ಹೋಗಲಿಲ್ಲ. ತಾರೀಖಿನದು ಒಂದೇ ಮಧ್ಯಾಹ್ನದಲ್ಲಿ ಮುಗೀತು. ಕುಕಿ ಲಾಗಿನ್‌ಗೆ ಒಂದು ವಾರ ಹಿಡೀತು, ಓಟಿಪಿ ದಾಟೋಕೆ ಬ್ಯಾಕೆಂಡ್‌ನವರ ಕೈಕಾಲು ಹಿಡಿಯಬೇಕಾಯ್ತು. ಪ್ರೀಮಿಯಂ ಲೆಕ್ಕದ 96 ಟೆಸ್ಟ್ ಎಪಿಐಗೆ ಇಳಿದವು. ಹುಬ್ಬಳ್ಳಿಯವರೇ, ಅವೆಲ್ಲ ಸೇರಿ ಈಗ ನಲವತ್ತು ಸೆಕೆಂಡ್. 71 ಟೆಸ್ಟ್ ಅಳಿಸಿದೆ. ಇದು ಎಲ್ಲಕ್ಕಿಂತ ಕಷ್ಟ ಆಯ್ತು, ಕೆಲವು ನಾನೇ ಸೇರಿದ ಹೊಸದರಲ್ಲಿ ಬರೆದದ್ದು. ಅದರಲ್ಲಿ ಹದಿನಾಲ್ಕಕ್ಕೆ ಅಸರ್ಷನ್ನೇ, ಅಂದ್ರೆ ಫಲಿತಾಂಶ ಸರಿನಾ ಅಂತ ನೋಡೋ ಸಾಲೇ, ಇರಲಿಲ್ಲ, ಪೇಜ್ ತೆರೆದು ಮುಚ್ಚಿ ಪಾಸ್ ಅಂತಿದ್ದವು. ಮ್ಯಾನೇಜರ್‌ಗೆ "ಟೆಸ್ಟ್ ಸಂಖ್ಯೆ ಯಾಕೆ ಇಳೀತು" ಅಂತ ವಿವರಿಸೋಕೆ ಒಂದು ಪೂರ್ತಿ ಮೀಟಿಂಗ್ ಹೋಯ್ತು.

ಉಳಿದ 245 ಸೆಲೆನಿಯಮ್‌ನಲ್ಲೇ ಇವೆ, ಎರಡು ಗಂಟೆಯೊಳಗೆ ಮುಗೀತವೆ. ರಾತ್ರಿಗೆ ನಾಲ್ಕೈದು ಕೆಂಪು. ಹೊಸ ಕ್ಲೇಮ್ ಮಾಡ್ಯೂಲ್‌ಗೆ ಮಾತ್ರ ಪ್ಲೇರೈಟ್, ಟೈಪ್‌ಸ್ಕ್ರಿಪ್ಟ್‌ನಲ್ಲಿ, ಸದ್ಯಕ್ಕೆ 12 ಟೆಸ್ಟ್. ಕರಾವಳಿಯವರು ಟ್ರೇಸ್ ವ್ಯೂವರ್ ಬಗ್ಗೆ ಹೇಳಿದ್ದು ಸುಳ್ಳಲ್ಲ. ಇಬ್ಬರು ಡೆವಲಪರ್‌ಗಳು ಅದನ್ನ ನೋಡೋಕೆ ನಮ್ಮ ಡೆಸ್ಕ್ ಹತ್ತಿರ ಬಂದಿದ್ದರು, ಒಬ್ಬರು ಮೇಲ್ ಫಿಲ್ಟರ್ ತೆಗೆದಿದ್ದಾರೆ. ಇನ್ನೊಬ್ಬರು ತೆಗೆದಿಲ್ಲ, ನನಗೆ ಗೊತ್ತು.

ಒಂದು ಮಾತ್ರ ಇನ್ನೂ ಸಿಕ್ಕಿಲ್ಲ. ನಾಮಿನಿ ಬದಲಾಯಿಸೋ ಟೆಸ್ಟ್ ಬರೀ ಮಂಗಳವಾರ ರಾತ್ರಿ ಬೀಳುತ್ತೆ. ನಾಲ್ಕು ಮಂಗಳವಾರ ಆಯ್ತು.

---

ರಾತ್ರಿಪಾಳಿ · ಶುಕ್ರವಾರ, ರಾತ್ರಿ 9:34

ಎಷ್ಟು ಗಂಟೆಗೆ? ಆ ಹೊತ್ತಲ್ಲಿ ಸ್ಟೇಜಿಂಗ್ ಡೇಟಾಬೇಸ್‌ನ ವಾರದ ಬ್ಯಾಕಪ್ ಏನಾದ್ರೂ ಓಡುತ್ತಾ ಕೇಳಿ.

---

ಮಲ್ಲೇಶ್ವರಂ_ಟೆಸ್ಟರ್ · ಶುಕ್ರವಾರ, ರಾತ್ರಿ 9:36

1:40ರ ಆಸುಪಾಸು. ಸೋಮವಾರ ಡೇಟಾಬೇಸ್ ನೋಡ್ಕೊಳ್ಳೋ ಡಿಬಿಎ ಹತ್ತಿರ ಕೇಳ್ತೀನಿ.